ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ರ ಒಂದು ಜನಸೇವಾ ಕೇಂದ್ರ ಬೇಕಾ, ಇಲ್ಲಾ ಪಡೀಲೇ ಸಾಕಾ?

ಬೋಳಾರದವ
ಸ್ವಲ್ಪ ಉದ್ದ ಉಂಟು, ಬೇಜಾರು ಮಾಡ್ಬೇಡಿ.

ಕಳೆದ ವಾರ ಅಮ್ಮನನ್ನು ಕರಕೊಂಡು ಪೆನ್ಶನ್ ಕೆಲಸಕ್ಕೆ ಹೊರಟೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಹೇಳಿದ್ರೆ ಚರ್ಚೆ ಬೇರೆಲ್ಲಿಗೋ ಹೋಗ್ತದೆ. ಮೊದಲನೇ ಕಡೆ "ಇದು ಇಲ್ಲಿ ಅಲ್ಲ" ಅಂದ್ರು. ಎರಡನೇ ಕಡೆ "ಇಲ್ಲಿಯೇ, ಆದ್ರೆ ಆ ಕಾಗದ ಅಲ್ಲಿಂದ ತರ್ಬೇಕು." ಮೂರನೆಯದಕ್ಕೆ ಮುಟ್ಟುವಾಗ ಗಂಟೆ ಒಂದೂವರೆ, ಊಟದ ಹೊತ್ತು. ಅಮ್ಮ ಮೆಟ್ಟಿಲಿನಲ್ಲಿ ಕೂತು ಬಾಟ್ಲಿ ನೀರು ಕುಡಿದದ್ದು. ರಿಕ್ಷಾಕ್ಕೆ ಒಟ್ಟು 380 ರೂಪಾಯಿ. ಅವರಿಗೆ ಬರುವ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200.

ಡಿಸಿ ಕಚೇರಿ 2025ರ ಮೇಯಲ್ಲಿ ಸ್ಟೇಟ್‌ಬ್ಯಾಂಕ್ ಹತ್ರದಿಂದ ಪಡೀಲಿನ ಪ್ರಜಾಸೌಧಕ್ಕೆ ಹೋಯ್ತು. ಕಟ್ಟಡ ಚಂದ ಉಂಟು, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಪೇಟೆಯ ನಡುವೆ, ಹಳೇ ಡಿಸಿ ಆಫೀಸ್ ಕಂಪೌಂಡ್ ಆಸುಪಾಸಿನಲ್ಲಿ ಒಂದು ಜನಸೇವಾ ಕೇಂದ್ರ ಯಾಕೆ ಮಾಡಬಾರದು? ಪೆನ್ಶನ್, ಜಾತಿ-ಆದಾಯ ಸರ್ಟಿಫಿಕೇಟು, ರೇಶನ್ ಕಾರ್ಡು, ಮನೆ ತೆರಿಗೆ, ಕರೆಂಟು, ಕಾರ್ಮಿಕ ಕಾರ್ಡು, ಎಲ್ಲದರ ಅರ್ಜಿ ಒಂದೇ ಕಡೆ. ಮಾಡುವುದಾದ್ರೆ ಹೇಗೆ ಮಾಡ್ಬೇಕು? ಗೊತ್ತಿದ್ದವರು ಹೇಳಿ.

ಗೋಳಿಬಜೆ
ಬೇಕೇ ಬೇಕು. ಪಡೀಲಿಗೆ ಹೋಗುವುದು ಅಂದ್ರೆ ನಮ್ಮ ಅಜ್ಜಿಗೆ ಬೆಂಗಳೂರಿಗೆ ಹೊರಟ ಹಾಗೆ. ಸ್ವೆಟರ್ ಒಂದು ಬಾಕಿ.

ಸುಳ್ಯದವ
ಪೇಟೆ ಅಂದ್ರೆ ಯಾರ ಪೇಟೆ ಮಾರಾಯ್ರೇ?

ಜಿಲ್ಲೆಯಲ್ಲಿ ಒಂಬತ್ತು ತಾಲೂಕು ಉಂಟು. ಅದ್ರಲ್ಲಿ ಸುಳ್ಯ, ಕಡಬ, ಪುತ್ತೂರು, ಬೆಳ್ತಂಗಡಿ, ಬಂಟ್ವಾಳ ಐದೂ ಕಡೆಯವರು ಬಿ.ಸಿ.ರೋಡ್, ಫರಂಗಿಪೇಟೆ, ಅಡ್ಯಾರ್ ದಾಟಿಯೇ ಬರುವುದು. ನಮಗೆ ಪಡೀಲ್ ದಾರಿಯಲ್ಲೇ ಸಿಗ್ತದೆ. ಮೊದಲು ಬೆಳಿಗ್ಗೆ ಆರಕ್ಕೆ ಹೊರಟು, ಪಂಪ್‌ವೆಲ್ ಬ್ಲಾಕು, ಕಂಕನಾಡಿ ಬ್ಲಾಕು, ಜ್ಯೋತಿ ಬ್ಲಾಕು ಅಂತ ಎಣಿಸಿಕೊಂಡು ಸ್ಟೇಟ್‌ಬ್ಯಾಂಕಿಗೆ ಮುಟ್ಟುವಾಗ ಸಾಹೇಬರು ಮೀಟಿಂಗಿಗೆ ಹೋಗಿ ಆಗ್ತಿತ್ತು. ಈಗ ಆ ಮುಕ್ಕಾಲು ಗಂಟೆ ಉಳಿಯಿತು. ನೀವು ಪೇಟೆಯವರು ಅರುವತ್ತು ವರ್ಷ ನಡೆದುಕೊಂಡು ಹೋಗಿ ಬಂದಿರಿ. ಈಗ ಒಂದು ಬಸ್ಸು ಹತ್ತಿ.

ಮುಲ್ಕಿ ಮಾಮ
ಸುಳ್ಯದವರಿಗೆ ಸರಿ, ನಮಗೆ? ಮುಲ್ಕಿ, ಸುರತ್ಕಲ್ ಕಡೆಯಿಂದ ಬರುವ ಬಸ್ಸು ಸೀದಾ ಸ್ಟೇಟ್‌ಬ್ಯಾಂಕಿಗೆ. ಮೂಡಬಿದ್ರೆಯವರು ನಂತೂರಿನಲ್ಲಿ ಇಳಿದು ಬಸ್ಸು ಬದಲಿಸ್ಬೇಕು. ಉಳ್ಳಾಲದವರು ತೊಕ್ಕೊಟ್ಟಿನಿಂದ ಬಂದು ಪಂಪ್‌ವೆಲ್‌ನಲ್ಲಿ. ಎರಡೆರಡು ಬಸ್ಸು, ಎರಡೆರಡು ಟಿಕೆಟು. ನೀವು ಐದು ತಾಲೂಕು ಎಣಿಸಿದಿರಿ, ನಾನು ನಾಲ್ಕು ಎಣಿಸಿದೆ. ನಮ್ಮ ನಾಲ್ಕರಲ್ಲಿ ಜನ ಎಷ್ಟು ಅಂತಲೂ ಎಣಿಸಿ.

ಧಾರವಾಡದಾವ
ನಾ ಇಲ್ಲಿ ಓದ್ಕೊಂತ ಸುಮ್ನ ಕುಂತಿದ್ದೆ, ತಡಿಲಿಲ್ಲ. ಹುಬ್ಬಳ್ಳಿ ಮಂದಿ ಡಿಸಿ ಆಫೀಸಿಗೆ ಧಾರವಾಡಕ್ಕ ಬರ್ತಾರ, ಇಪ್ಪತ್ತು ಕಿಲೋಮೀಟರು. ದಿನಾ ಬರ್ತಾರ, ಹೋಗ್ತಾರ. ನೀವು ಐದಾರು ಕಿಲೋಮೀಟರಿಗೆ ಇಷ್ಟು ಅಳಾಕ ಹತ್ತೀರಲ್ರಿ!

ಗೋಳಿಬಜೆ
ಧಾರವಾಡದ ಅಣ್ಣ, ನಿಮ್ಮ ಇಪ್ಪತ್ತು ಕಿಲೋಮೀಟರಿಗೆ ಬಸ್ಸಿನದ್ದೇ ಬೇರೆ ದಾರಿ ಹಾಕಿ ಕೊಟ್ಟಿದ್ದಾರೆ. ನಮ್ಮ ಪಂಪ್‌ವೆಲ್ ಒಮ್ಮೆ ನೋಡಿ ಮಾತಾಡಿ.

ಧಾರವಾಡದಾವ
ವರ್ಷಗಟ್ಟಲೆ ಮುಗೀಲಾರದ ಪಂಪ್‌ವೆಲ್ ಫ್ಲೈಓವರಿನ ಜೋಕು ನಮ್ಮ ತನಕಾನೂ ಬಂದಾವು ಬಿಡ್ರಿ 😄

ಆನ್‌ಲೈನ್ ಆನಂದ
2026ರಲ್ಲೂ ಕಚೇರಿ ಎಲ್ಲಿ ಕಟ್ಟಬೇಕು ಅಂತ ಜಗಳವಾ? ಪಹಣಿ ಮೊಬೈಲಿನಲ್ಲಿ ಬರುತ್ತದೆ. ಆಸ್ತಿ ನೋಂದಣಿಗೆ ಕಾವೇರಿ 2.0 ಪೋರ್ಟಲ್ ಇದೆ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇಕಾದರೂ ನೋಂದಣಿ ಮಾಡಿಸಬಹುದು. ಹಳ್ಳಿಗೆ ಗ್ರಾಮ ಒನ್ ಸೇವಾ ಕೇಂದ್ರ ಇದೆ. ಇನ್ನು ಕಟ್ಟಡ ಯಾಕೆ? ಆ ದುಡ್ಡಿನಲ್ಲಿ ಸರ್ವರ್ ಗಟ್ಟಿ ಮಾಡಲಿ.

ಬೋಳಾರದವ
ಆನಂದ ಅವರೇ, ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಹೆಬ್ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ. ಯಂತ್ರದಲ್ಲಿ ಇಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು. ಆಧಾರಿಗೆ ಲಿಂಕ್ ಆದ ನಂಬರು ಹಿಂದೆ ತಮ್ಮನದ್ದಿತ್ತು, ಅವನೀಗ ಮಸ್ಕತ್ತಿನಲ್ಲಿ, ಆ ಸಿಮ್ ಸತ್ತು ಮೂರು ವರ್ಷ. ಒಟಿಪಿ ಯಾರಿಗೆ ಬರುವುದು?

ಅಂಗನವಾಡಿ ಟೀಚರ್
ಇದು ಒಬ್ಬರ ಕತೆ ಅಲ್ಲ. ನಮ್ಮ ವಠಾರದಲ್ಲಿ ಬೀಡಿ ಕಟ್ಟುವ ಎಲ್ಲಾ ಹೆಂಗಸರದ್ದೂ ಇದೇ ಪಾಡು. ಅಡಿಕೆ ಸುಲಿಯುವವರದ್ದೂ ಅಷ್ಟೇ. ಸ್ವಲ್ಪ ತೆಂಗಿನೆಣ್ಣೆ ಉಜ್ಜಿ, ಐದು ನಿಮಿಷ ಬಿಟ್ಟು ಒರೆಸಿ ಇಟ್ಟು ನೋಡಿ. ಕೆಲವೊಮ್ಮೆ ಹಿಡಿಯುತ್ತದೆ. ಹೆಬ್ಬೆರಳು ಆಗದಿದ್ದರೆ ಉಂಗುರ ಬೆರಳು ಇಡಲಿಕ್ಕೆ ಹೇಳಿ, ಅದು ಕಮ್ಮಿ ಸವೆದಿರುತ್ತದೆ. ಕಣ್ಣಿನ ಯಂತ್ರ ಇದ್ದ ಕಡೆ ತಕರಾರೇ ಇಲ್ಲ, ಆದರೆ ಅದು ಎಲ್ಲಾ ಕಡೆ ಇರುವುದಿಲ್ಲ.

ಕೇಂದ್ರ ಮಾಡುವುದಾದರೆ ಕಣ್ಣಿನ ಯಂತ್ರ ಎರಡು ಇಡಿ. ಅಮೃತಶಿಲೆ ಆಮೇಲೆ ಹಾಕಿ.

ರಿಟೈರ್ಡ್ ಗುಮಾಸ್ತ
ಮೂವತ್ತೊಂದು ವರ್ಷ ಕಂದಾಯ ಇಲಾಖೆಯಲ್ಲಿದ್ದವ ನಾನು. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ಒಂದೇ ಸೂರು ಅನ್ನುವುದು ಹೊಸ ಬುದ್ಧಿಯಲ್ಲ. ಬೆಂಗಳೂರಿನ ಅಠಾರ ಕಚೇರಿ ಕಟ್ಟಿ ಮುಗಿಸಿದ್ದು 1868ರಲ್ಲಿ. ಹದಿನೆಂಟು ಇಲಾಖೆಗಳು ಅಲ್ಲಿ ಇದ್ದದ್ದಕ್ಕೇ ಆ ಹೆಸರು. ನಮ್ಮಲ್ಲಿ ತಾಲೂಕಿಗೊಂದು ಮಿನಿ ವಿಧಾನಸೌಧ ಬಂದದ್ದೂ ಅದೇ ಲೆಕ್ಕದಲ್ಲಿ. ಆದರೆ ಸೂರು ಒಂದಾದ ಕೂಡಲೇ ಫೈಲು ಒಂದಾಗುವುದಿಲ್ಲ. ಪಕ್ಕದ ಕೋಣೆಗೆ ಹೋಗಬೇಕಾದ ಕಾಗದವೂ ಟಪಾಲಿಗೆ ಬಿದ್ದು, ಇನ್ವರ್ಡ್ ನಂಬರ್ ಹಾಕಿಸಿಕೊಂಡು, ಮೂರು ದಿನ ಬಿಟ್ಟು ಗೋಡೆಯ ಆಚೆಗೆ ತಲುಪಿದ್ದನ್ನು ನಾನೇ ನೋಡಿದ್ದೇನೆ.

ಎರಡನೆಯದು ರೆಕಾರ್ಡ್ ರೂಮು. ಇದನ್ನು ಯಾರೂ ಕೇಳುವುದಿಲ್ಲ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದು. ಇಲ್ಲಿನ ದಾಖಲೆಯ ಭಾಷೆಯೇ ಬೇರೆ: ಅಡಂಗಲ್ (ಪಹಣಿಯಂಥದ್ದು), ವರ್ಗ (ಪಟ್ಟಾ ಜಾಗ), ಕುಮ್ಕಿ (ವರ್ಗಕ್ಕೆ ತಾಗಿದ ಸರ್ಕಾರಿ ಜಾಗದ ಮೇಲಿನ ಸವಲತ್ತು), ಮೂಲಗೇಣಿ (ಕಾಯಂ ಗೇಣಿ). ಅದರ ಮೇಲೆ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಆದ ನಂತರ ಗೇಣಿದಾರರು ಕೊಟ್ಟ ಡಿಕ್ಲರೇಶನ್ ಫೈಲುಗಳು. ಯಾರಿಗೋ ಅಜ್ಜನ ಡಿಕ್ಲರೇಶನಿನ ನಕಲು ಬೇಕು ಅಂತ ಇಟ್ಟುಕೊಳ್ಳಿ. ಕೆಂಪು ಬಟ್ಟೆಯ ಕಟ್ಟು ಬಿಚ್ಚಬೇಕು, ಒರಲೆ ತಿಂದ ಅಂಚು ಪುಡಿಯಾಗದ ಹಾಗೆ ಅಂಗೈ ಅಡಿಗೆ ಕೊಟ್ಟು ಒಂದೊಂದೇ ಹಾಳೆ ತಿರುವಬೇಕು. ಮಳೆಗಾಲದಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿ ಕೂತಿರುತ್ತವೆ. ಈಗ ಭೂ ಸುರಕ್ಷಾ ಅಂತ ಸ್ಕ್ಯಾನ್ ಮಾಡುತ್ತಿದ್ದಾರೆ, ಒಳ್ಳೆಯ ಕೆಲಸ. ಅದು ಮುಗಿಯುವ ತನಕ ಕೌಂಟರ್ ಒಂದು ಕಡೆ, ಕಟ್ಟು ಇನ್ನೊಂದು ಕಡೆ ಆದರೆ "ನಾಳೆ ಬನ್ನಿ" ಅನ್ನುವುದಕ್ಕೆ ಹೊಸ ಕಾರಣ ಸಿಕ್ಕಿತು ಅಷ್ಟೇ.

ಸಕಾಲ ಕಾಯ್ದೆ 2012ರಲ್ಲಿ ಬಂದಾಗ ಸ್ವಲ್ಪ ಬಿಸಿ ತಾಗಿತ್ತು. ತಡ ಮಾಡಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರನಿಗೆ ಕೊಡಬೇಕು ಅಂತ. ಕೇಳಿ ಪಡೆದವರು ನನ್ನ ಸರ್ವಿಸಿನಲ್ಲಿ ಬೆರಳೆಣಿಕೆ. ಅದೇ ಮೇಜಿಗೆ ನಾಳೆ ಇನ್ನೊಂದು ಕೆಲಸಕ್ಕೆ ಬರಬೇಕಲ್ಲ ಅನ್ನುವ ಹೆದರಿಕೆ ಜನರಿಗೆ.

ಕಾನೂನು ಕುಡ್ಲ
ಸಣ್ಣ ತಿದ್ದುಪಡಿ ಸರ್. ಕಾಯ್ದೆ 2011ರದ್ದು, ಜಾರಿಯಾದದ್ದು 2012ರ ಏಪ್ರಿಲ್ 2ಕ್ಕೆ.

ರಿಟೈರ್ಡ್ ಗುಮಾಸ್ತ
ಹೌದು, ಒಪ್ಪಿದೆ. ವಯಸ್ಸಾಯಿತು.

ಸುಳ್ಯದವ
ಗುಮಾಸ್ತರು ಹೇಳಿದ್ದು ಬಂಗಾರದ ಮಾತು. ನನ್ನ ಕುಮ್ಕಿ ಜಾಗದ ಬಗ್ಗೆ ಒಂದು ಡೌಟು ಉಂಟು, ಇಲ್ಲಿ ಕೇಳ್ಬಹುದಾ?

ನಿರ್ವಾಹಕ
ಕುಮ್ಕಿಗೆ ಬೇರೆ ಚರ್ಚೆ ತೆರೆಯಿರಿ. ಅದು ಇಲ್ಲಿ ಹೊಕ್ಕರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ.

ನಕ್ಷೆಗಾರ
ನಾನು ಕಟ್ಟಡ ವಿನ್ಯಾಸ ಮಾಡುವವ, ಸರ್ಕಾರಿ ಕೆಲಸ ಅಲ್ಲ, ಹೆಚ್ಚಾಗಿ ಮನೆ, ಶಾಲೆ. ಆದರೂ ಈ ವಿಷಯ ತಲೆಯಲ್ಲಿ ತಿರುಗುತ್ತಾ ಇರುತ್ತದೆ.

ಎಲ್ಲರೂ ಜಾಗಕ್ಕೆ ಜಗಳ ಮಾಡುತ್ತಿದ್ದೀರಿ. ಜಿಲ್ಲಾಧಿಕಾರಿ ಎಲ್ಲಿ ಕೂರುತ್ತಾರೆ ಅನ್ನುವುದಕ್ಕೂ ಅರ್ಜಿ ಎಲ್ಲಿ ಕೊಡಬೇಕು ಅನ್ನುವುದಕ್ಕೂ ಗಂಟು ಹಾಕಿದ್ದೇ ತಪ್ಪು. ಪಡೀಲಿನಲ್ಲಿ ಕಡತ, ಸಭೆ, ಅಧಿಕಾರಿ ಇರಲಿ. ಪೇಟೆಯಲ್ಲಿ ಬರೀ ಕೌಂಟರ್ ಇರಲಿ. ಬ್ಯಾಂಕಿಗೆ ಬ್ರಾಂಚು ಇದ್ದ ಹಾಗೆ. ಹಾಗೆ ನೋಡಿದರೆ ಬೋಳಾರದವರು ಕೇಳುವುದಕ್ಕೆ ಹೊಸ ಸೌಧವೇ ಬೇಡ, ಒಂದು ನೆಲಮಾಳಿಗೆ ಸಾಕು. ಕ್ಷಮಿಸಿ, ನೆಲಮಾಳಿಗೆ ಅಲ್ಲ, ನೆಲ ಅಂತಸ್ತು. ಮಂಗಳೂರಿನಲ್ಲಿ ನೆಲಮಾಳಿಗೆ ಕಟ್ಟಿದರೆ ಜೂನಿನಲ್ಲಿ ಬಾವಿ.

ಅದೇ ಮುಖ್ಯ ವಿಷಯ, ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಮೇಲೆ ಸುರಿಯುವ ಊರಿನಲ್ಲಿ ಎಲ್ಲೋ ಬಯಲುಸೀಮೆಯ ನಕ್ಷೆ ತಂದು ಗಾಜಿನ ಗೋಡೆ, ಚಿಕ್ಕ ಸಜ್ಜಾ ಹಾಕುತ್ತೇವೆ. ಬಾಗಿಲಲ್ಲಿ ನಲವತ್ತು ಜನ ಒದ್ದೆ ಕೊಡೆ ಹಿಡಿದು ನಿಂತರೆ ಹತ್ತು ನಿಮಿಷದಲ್ಲಿ ಟೈಲ್ಸು ಕೆರೆ. ಯಾರೋ ಒಬ್ಬರು ಜಾರಿ ಬೀಳುವುದು ನಿಶ್ಚಿತ. ನಮ್ಮ ಹಳೇ ಮನೆಗಳ ಹಾಗೆ ಸುತ್ತ ಅಗಲದ ಜಗಲಿ, ಇಳಿಮಾಡು, ಕೊಡೆ ತೂಗುಹಾಕಲಿಕ್ಕೆ ಒಂದು ಉದ್ದದ ಕಂಬಿ. ಖರ್ಚು ಏನೂ ಇಲ್ಲ.

ಆಮೇಲೆ ಇಳಿಜಾರು. ಗಾಲಿಕುರ್ಚಿಗೆ ಒಂದು ಅಡಿ ಎತ್ತರ ಹತ್ತಲಿಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಎಲ್ಲರೂ ಕಟ್ಟುತ್ತಾರೆ, ಆದರೆ ಜಾಗ ಉಳಿಸಲು ಗೋಡೆ ಹತ್ತಿದ ಹಾಗೆ ಕಡಿದಾಗಿ. ನಾನು ನೋಡಿದ ಒಂದು ಕಚೇರಿಯಲ್ಲಿ ಇಳಿಜಾರಿನ ಮೇಲೆ ಸಾಲಾಗಿ ಹೂಕುಂಡ ಇಟ್ಟಿದ್ದರು. ಕೇಳಿದರೆ "ಸ್ಕೂಟರ್ ನಿಲ್ಲಿಸುತ್ತಾರೆ ಸರ್, ಅದಕ್ಕೆ."

ಗೋಳಿಬಜೆ
ಹೂಕುಂಡ 😂😂

ಪಡೀಲ್ ನಿವಾಸಿ
ನಮ್ಮೂರನ್ನು ಕಾಡು ಅಂದ ಹಾಗೆ ಮಾತಾಡ್ಬೇಡಿ ಯಾರೂ. ಹೆದ್ದಾರಿ ಉಂಟು, ಜಂಕ್ಷನ್ ರೈಲ್ವೆ ಸ್ಟೇಷನ್ ಹತ್ತಿರ ಉಂಟು, ಹೋಟೆಲ್‌ಗಳೂ ಬಂದಿವೆ. ಒಂದೇ ತಕರಾರು: ಜೋರು ಮಳೆಗೆ ಅಂಡರ್‌ಪಾಸಿನಲ್ಲಿ ನೀರು ನಿಲ್ತದೆ. ಅದು ಡಿಸಿ ಆಫೀಸು ಬರುವ ಮೊದಲೂ ನಿಲ್ತಿತ್ತು. ಈಗ ದೊಡ್ಡವರ ಕಾರೂ ಅದೇ ದಾರಿಯಲ್ಲಿ ಬರುವುದರಿಂದ ಸರಿಯಾದೀತು ಅಂತ ಆಸೆ.

ಮುಲ್ಕಿ ಮಾಮ
ಅವರ ಕಾರು ಎತ್ತರದ್ದು ಮಾರಾಯ್ರೇ. ನೀರು ಕಾಣುವುದಿಲ್ಲ ಅವರಿಗೆ.

ಉಡುಪಿಯವಳು
ನಮ್ಮ ಕತೆ ಕೇಳಿ. 1997ರಲ್ಲಿ ಜಿಲ್ಲೆ ಬೇರೆ ಆಯಿತು. ಈಗ ಡಿಸಿ ಕಚೇರಿ ರಜತಾದ್ರಿ ಮಣಿಪಾಲದಲ್ಲಿ, ಗುಡ್ಡದ ಮೇಲೆ. ಶುರುವಿಗೆ ಎಲ್ಲರೂ ಬೈದರು. ಈಗ ಅಭ್ಯಾಸ ಆಗಿದೆ. ಆದರೆ ಅಭ್ಯಾಸ ಆದದ್ದು ಯಾಕೆಂದರೆ ಉಡುಪಿ-ಮಣಿಪಾಲಕ್ಕೆ ಬಸ್ಸು ಒಂದರ ಹಿಂದೆ ಒಂದು ಇದೆ. ನಿಮಗೂ ಸೌಧಕ್ಕಿಂತ ಬಸ್ಸೇ ಉತ್ತರ ಇರಬಹುದು.

ಅಂಗನವಾಡಿ ಟೀಚರ್
ಬಸ್ಸು ಅಂದ ಕೂಡಲೇ ನೆನಪಾಯಿತು. 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಸುಳ್ಯ, ಪುತ್ತೂರಿನಿಂದ ಬರುವ ಅಕ್ಕಂದಿರು ದುಡ್ಡಿಲ್ಲದೆ ಪಡೀಲಿನ ತನಕ ಬರಬಹುದು. ಮಂಗಳೂರಿನ ಒಳಗೆ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸು. ಹಾಗಾಗಿ ಬೋಳಾರದ ಅಮ್ಮನಿಗೆ ಟಿಕೆಟು, ಸುಳ್ಯದ ಅಮ್ಮನಿಗೆ ಇಲ್ಲ! ಹತ್ತಿರ ದೂರ ಅನ್ನುವ ಲೆಕ್ಕವೇ ತಲೆಕೆಳಗು.

ಸುಳ್ಯದವ
ಅದು ಸರಿ, ಆದ್ರೆ ದೂರದ ಬಸ್ಸು ಎಲ್ಲವೂ ಪಡೀಲಿನಲ್ಲಿ ನಿಲ್ಲುವುದಿಲ್ಲ. ಹತ್ತುವಾಗಲೇ ಕಂಡಕ್ಟರ್ ಹತ್ರ ಹೇಳಿ ಇಡ್ಬೇಕು. ನನ್ನ ಅತ್ತಿಗೆ ಹೇಳ್ಲಿಕ್ಕೆ ಮರೆತು ಪಂಪ್‌ವೆಲ್‌ಗೆ ಹೋಗಿ ವಾಪಸ್ ರಿಕ್ಷಾದಲ್ಲಿ ಬಂದದ್ದು.

ಮುಲ್ಕಿ ಮಾಮ
ಈಗ ಗೊತ್ತಾಯ್ತಲ್ಲ ನಮ್ಮ ಸಂಕಟ!

ಮೈಸೂರಿನ ಮೂರ್ತಿ
ನಮ್ಮಲ್ಲೂ ಡಿಸಿ ಆಫೀಸು ಕ್ರಾಫರ್ಡ್ ಹಾಲ್ ಹತ್ತಿರದ ಹಳೇ ಕಟ್ಟಡದಿಂದ ಸಿದ್ಧಾರ್ಥ ಬಡಾವಣೆಗೆ ಹೋಯಿತು. ಆಗ ನಡೆದ ಚರ್ಚೆ ಎಲ್ಲಾ "ಹಳೇ ಕಟ್ಟಡದಲ್ಲಿ ಏನು ಮಾಡೋದು" ಅನ್ನೋದರ ಮೇಲೆ. ಮ್ಯೂಸಿಯಂ ಮಾಡಿ, ಗ್ರಂಥಾಲಯ ಮಾಡಿ ಅಂತ ಎಲ್ಲರೂ ಅಂದರು, "ಅರ್ಜಿ ಕೌಂಟರ್ ಇಲ್ಲೇ ಇರಲಿ" ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಪಾರಂಪರಿಕ ಕಟ್ಟಡ ಅಂದ ಕೂಡಲೇ ನಾವು ಜನರನ್ನು ಹೊರಗೆ ಹಾಕಿ ಬೀಗ ಜಡಿಯೋದೇ ರಕ್ಷಣೆ ಅಂದುಕೊಂಡಿದ್ದೀವಿ. ನೀವಾದರೂ ಆ ತಪ್ಪು ಮಾಡಬೇಡಿ.

ನಕ್ಷೆಗಾರ
ಮೂರ್ತಿಯವರಿಗೆ ನೂರಕ್ಕೆ ನೂರು. ಅಠಾರ ಕಚೇರಿಯನ್ನೇ 1982ರಲ್ಲಿ ಕೆಡವುವ ಮಾತು ಬಂದಿತ್ತು. ಜನ ಕೋರ್ಟಿಗೆ ಹೋದದ್ದರಿಂದ ಉಳಿಯಿತು. ಇವತ್ತಿಗೂ ಅಲ್ಲಿ ಹೈಕೋರ್ಟು ನಡೆಯುತ್ತಿದೆ. ಬಳಸುತ್ತಾ ಇದ್ದರೆ ಕಟ್ಟಡ ಬಾಳುತ್ತದೆ. ನಮ್ಮದೋ, ಗಡಿಯಾರ ಗೋಪುರ ಕೆಡವಿ, ಎಷ್ಟೋ ವರ್ಷ ಬಿಟ್ಟು ಅದೇ ಜಾಗದಲ್ಲಿ ಇನ್ನೊಂದು ಗಡಿಯಾರ ಗೋಪುರ ಕಟ್ಟಿದ ಊರು.

ಹಂಪನಕಟ್ಟೆ ಹುಡುಗ
ಅದರ ಪಕ್ಕದಲ್ಲೇ ಮಿನಿ ವಿಧಾನಸೌಧ ಉಂಟಲ್ಲ, ಅದಕ್ಕೇ ಸೇರಿಸಿದ್ರೆ ಆಯ್ತು. ಅಂದ ಹಾಗೆ ಅದರ ಈಗಿನ ಹೆಸರು ಎಂತ? ತಾಲೂಕು ಆಡಳಿತ ಸೌಧ ಅಂತ ಬದಲಿಸಿದ್ರು, ಹೊಸದಾಗಿ ಕಟ್ಟುವುದಕ್ಕೆ ಪ್ರಜಾಸೌಧ ಅಂತಾರೆ. ರಿಕ್ಷಾದವರಿಗೆ ಮಾತ್ರ ಇವತ್ತಿಗೂ ಮಿನಿ ವಿಧಾನಸೌಧ.

ಗೋಳಿಬಜೆ
ರಿಕ್ಷಾದವರು ಹೇಳಿದ್ದೇ ಅಧಿಕೃತ. ಬಸ್‌ಸ್ಟ್ಯಾಂಡಿಗೆ ಬ್ಯಾಂಕಿನ ಹೆಸರಿಟ್ಟ ಊರಿದು.

ಪಾರ್ಕಿಂಗ್ ಪ್ರಭು
ಎಲ್ಲರೂ ಬಸ್ಸು ಬಸ್ಸು ಅಂತೀರಿ. ಕಾರಿನಲ್ಲಿ ಬರುವವರು ಜನ ಅಲ್ವಾ? ಸ್ಟೇಟ್‌ಬ್ಯಾಂಕಿನಲ್ಲಿ ಕಾರು ಎಲ್ಲಿ ನಿಲ್ಲಿಸುವುದು, ನೆಹರೂ ಮೈದಾನದ ಪಿಚ್ಚಿನ ಮೇಲಾ?

ಬೋಳಾರದವ
ಕಾರು ಇದ್ದವರು ಪಡೀಲಿಗೆ ಹೋಗಲಿ ಪ್ರಭುಗಳೇ, ಅಲ್ಲಿ ಜಾಗ ಉಂಟು. ಕಾರು ಇಲ್ಲದವರಿಗೇ ಪೇಟೆಯಲ್ಲಿ ಕೇಳುತ್ತಿರುವುದು.

ಪಾರ್ಕಿಂಗ್ ಪ್ರಭು
ಆಯ್ತು, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ದುಬೈ ಕುಡ್ಲ
ಇಲ್ಲಿ ವೀಸಾ ಕೆಲಸಕ್ಕೆ ಆಮೆರ್, ಲೇಬರ್ ಕೆಲಸಕ್ಕೆ ತಸ್‌ಹೀಲ್ ಅಂತ ಸೆಂಟರುಗಳು. ಊರಿಡೀ ಇವೆ, ಇಲಾಖೆ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಿರುವ ಅಗತ್ಯವೂ ಇಲ್ಲ. ಟೋಕನ್ ತೆಗೆದು ಕೂತ್ರೆ ಟೈಪ್ ಮಾಡುವವರೇ ಫಾರ್ಮ್ ತುಂಬಿಸ್ತಾರೆ. ಆದ್ರೆ ಪುಕ್ಕಟೆ ಅಲ್ಲ, ಪ್ರತಿಯೊಂದಕ್ಕೂ ಸರ್ವಿಸ್ ಚಾರ್ಜು. 1,200 ರೂಪಾಯಿ ಪೆನ್ಶನಿನವರಿಗೆ ಅದು ಹೇಳಿದ್ದಲ್ಲ.

ಆನ್‌ಲೈನ್ ಆನಂದ
ನಮ್ಮಲ್ಲೂ ಒನ್ ಕೇಂದ್ರಗಳಿವೆಯಲ್ಲ, ಬೆಂಗಳೂರು ಒನ್ 2005ರಿಂದಲೇ ಇದೆ. ಅದನ್ನೇ ದೊಡ್ಡದು ಮಾಡಿದರಾಯಿತು.

ರಿಟೈರ್ಡ್ ಗುಮಾಸ್ತ
ಬಿಲ್ಲು ಕಟ್ಟಲಿಕ್ಕೆ ಅದು ಚೆನ್ನಾಗಿದೆ. ಅರ್ಜಿಯೂ ತೆಗೆದುಕೊಳ್ಳುತ್ತಾರೆ. ಆದರೆ ಅರ್ಜಿಯಲ್ಲಿ ಒಂದು ಅಕ್ಷರ ತಪ್ಪಿ ವಾಪಸ್ ಬಂದರೆ, ಯಾಕೆ ಬಂತು ಅಂತ ಹೇಳುವವರು ಅಲ್ಲಿ ಇರುವುದಿಲ್ಲ. ಬೋಳಾರದವರ ಅಮ್ಮನಿಗೆ ಬೇಕಾದದ್ದು ಅಂಥ ಒಬ್ಬ ಮನುಷ್ಯ. ಇಲಾಖೆಯಿಂದ ಒಬ್ಬ ಅನುಭವಸ್ಥ ಶಿರಸ್ತೇದಾರನನ್ನು ಕೇಂದ್ರದಲ್ಲಿ ಕೂರಿಸಿ, ಸಣ್ಣ ತಿದ್ದುಪಡಿಗೆ ಅಲ್ಲೇ ಸಹಿ ಹಾಕುವ ಅಧಿಕಾರ ಕೊಟ್ಟರೆ ಅರ್ಧ ಜನ ಎರಡನೇ ಸಲ ಬರುವುದಿಲ್ಲ. ಅಧಿಕಾರ ಕೊಡಲಿಕ್ಕೆ ಮೇಲಿನವರಿಗೆ ಮನಸ್ಸು ಬರಬೇಕು, ಕಟ್ಟಡ ಕಟ್ಟಲಿಕ್ಕೆ ಮಾತ್ರ ಬೇಗ ಬರುತ್ತದೆ.

ಜೆರಾಕ್ಸ್ ಅಂಗಡಿ
ಇಷ್ಟು ಹೊತ್ತು ಓದಿದೆ. ಒಬ್ಬರಾದ್ರೂ ನಮ್ಮ ಸುದ್ದಿ ಎತ್ತಲಿಲ್ಲ!

ಹದಿನಾಲ್ಕು ವರ್ಷದಿಂದ ಒಂದು ಸರ್ಕಾರಿ ಕಚೇರಿ ಎದುರು ಅಂಗಡಿ ನನ್ನದು. ಊರು ಹೇಳುವುದಿಲ್ಲ. ಬರುವವರಲ್ಲಿ ಅರ್ಧಕ್ಕರ್ಧ ಜೆರಾಕ್ಸಿಗೆ ಬರುವುದೇ ಅಲ್ಲ. "ಇದಕ್ಕೆ ಯಾವ ಕೋಣೆ?" "ಈ ಫಾರ್ಮಿನಲ್ಲಿ ಇಲ್ಲಿ ಎಂತ ಬರೆಯುವುದು?" "ಆ ಕನ್ನಡಕದ ಮೇಡಂ ಇವತ್ತು ಬಂದಿದ್ದಾರಾ?" ಇದು ಕೇಳ್ಲಿಕ್ಕೆ ಬರುವುದು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇಡೀ ಸಂಸಾರದ ಕಾಗದ ಹಾಕಿ ತರ್ತಾರೆ, ನನ್ನ ಮೇಜಿನ ಮೇಲೆ ಸುರೀತಾರೆ, ನಾನು ಒಂದೊಂದೇ ಹೆಕ್ಕಿ "ಇದು ಬೇಕು, ಇದು ಬೇಡ, ಇದ್ರಲ್ಲಿ ನಿಮ್ಮ ಹೆಸರಿನ ಸ್ಪೆಲ್ಲಿಂಗು ಬೇರೆ ಉಂಟು" ಅಂತ ಹೇಳುವುದು. ಒಂದು ಪುಟಕ್ಕೆ ಎರಡು ರೂಪಾಯಿ, ಸಲಹೆ ಫ್ರೀ. ಪಕ್ಕದಲ್ಲಿ ಅರ್ಜಿ ಬರೆಯುವ ಅಜ್ಜ ಒಬ್ಬರಿದ್ದಾರೆ, ಆಚೆ ನೋಟರಿ, ಈಚೆ ಚಾ. ಒಂದೇ ಸೂರು ಅಂತ ನೀವು ಹುಡುಕುವುದು ಅಲ್ಲೇ ಉಂಟು, ನಮ್ಮದು ಟರ್ಪಾಲಿನದ್ದು ಅಷ್ಟೇ.

ಕಚೇರಿ ಶಿಫ್ಟ್ ಆದ್ರೆ ಅಧಿಕಾರಿಗಳಿಗೆ ಹೊಸ ಕೋಣೆ ಸಿಗ್ತದೆ. ನಮಗೆ ಹೊಸ ಕಂಪೌಂಡಿನ ಹೊರಗೆ ನಿಲ್ಲಲಿಕ್ಕೂ ಬಿಡುವುದಿಲ್ಲ. ನಿಮ್ಮ ನಕ್ಷೆಯಲ್ಲಿ ನಾಲ್ಕು ಸಣ್ಣ ಗೂಡಂಗಡಿ ಹಾಕಿ ನಕ್ಷೆಗಾರರೇ.

ನಕ್ಷೆಗಾರ
ಹಾಕಿದೆ. ಜಗಲಿಯ ಬಲಭಾಗ, ಕೊಡೆ ಕಂಬಿಯ ಪಕ್ಕ. ನನಗೆ ಹೊಳೆಯಬೇಕಾಗಿತ್ತು.

ಉಡುಪಿಯವಳು
ಮೊದಲ ಪುಟದಿಂದ ಓದಿಕೊಂಡು ಬಂದೆ, ಶೌಚಾಲಯ ಅನ್ನುವ ಶಬ್ದ ಒಮ್ಮೆಯೂ ಬರಲಿಲ್ಲ. ಗಂಡಸರು ಯೋಜನೆ ಮಾಡುವುದು ಹೀಗೆ. ಬೀಗ ಹಾಕಿ ಕೀಲಿ ಸಿಬ್ಬಂದಿಯ ಕೈಯಲ್ಲಿ ಇರುವಂಥದ್ದಲ್ಲ, ತೆರೆದದ್ದು ಬೇಕು. ಮಗುವಿಗೆ ಹಾಲು ಕೊಡಲಿಕ್ಕೆ ಒಂದು ಮೂಲೆಯೂ ಬೇಕು, ಪರದೆ ಹಾಕಿ.

ಅಂಗನವಾಡಿ ಟೀಚರ್
ಇದನ್ನು ಮೊದಲ ನಂಬರಿಗೆ ಹಾಕಿ.

ಸುಳ್ಯದವ
ಆಯ್ತು, ಪೇಟೆಯಲ್ಲಿ ಬರೀ ಕೌಂಟರು, ಫೈಲು ಪಡೀಲಿನಲ್ಲೇ ಅಂತಾದ್ರೆ ನನ್ನ ವಿರೋಧ ಇಲ್ಲ. ಆದ್ರೆ ಅಂಥದ್ದೇ ಕೌಂಟರು ಸುಳ್ಯದಲ್ಲೂ ಬೇಕು. ಆಗ ನಾನು ಪಡೀಲಿಗೂ ಬರುವುದಿಲ್ಲ, ಸ್ಟೇಟ್‌ಬ್ಯಾಂಕಿಗೂ ಬರುವುದಿಲ್ಲ. ನಿಮ್ಮ ಜಗಳ ನೀವು ಮಾಡ್ಕೊಳ್ಳಿ.

ಗೋಳಿಬಜೆ
ಗೋಳಿಬಜೆ ತಿನ್ಲಿಕ್ಕಾದ್ರೂ ಬನ್ನಿ.

ಸುಳ್ಯದವ
ಎಲ್ಲಿ ಒಳ್ಳೇದು ಸಿಗ್ತದೆ ಈಗ?

ನಿರ್ವಾಹಕ
ಗೋಳಿಬಜೆಗೂ ಬೇರೆ ಚರ್ಚೆ ಉಂಟು, ನಾನೂರು ಉತ್ತರ ಈಗಾಗಲೇ ಬಂದಿವೆ.

ಬೋಳಾರದವ
ನಕ್ಷೆಗಾರರು, ಗುಮಾಸ್ತರು ಇಬ್ಬರೂ ಒಪ್ಪಿದ್ರೆ ಒಂದು ಮನವಿ ಬರೆದು ಇಲ್ಲೇ ಹಾಕ್ತೇನೆ, ತಿದ್ದಿ ಕೊಡಿ. ಪಾಲಿಕೆಗೆ ಒಂದು ಪ್ರತಿ, ಡಿಸಿಯವರಿಗೆ ಒಂದು. ಡಿಸಿಯವರದ್ದನ್ನು ಕೊಡ್ಲಿಕ್ಕೆ ಪಡೀಲಿಗೇ ಹೋಗ್ಬೇಕು, ಅದು ಬೇರೆ ವಿಷಯ.

ಅಮ್ಮನ ಕೆಲಸ ಇನ್ನೂ ಆಗಿಲ್ಲ. ಸೋಮವಾರ ಮತ್ತೆ ಹೊರಡ್ಲಿಕ್ಕುಂಟು. ಟೀಚರ್ ಹೇಳಿದ ತೆಂಗಿನೆಣ್ಣೆ ಸಣ್ಣ ಬಾಟ್ಲಿಯಲ್ಲಿ ತುಂಬಿಸಿ ಇಟ್ಟಿದ್ದೇನೆ.

ಜೆರಾಕ್ಸ್ ಅಂಗಡಿ
ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಎರಡು ಇಟ್ಟುಕೊಳ್ಳಿ. ಒಂದು ಕೌಂಟರಿನಲ್ಲಿ ಕೇಳ್ತಾರೆ. ಇನ್ನೊಂದು, ನೀವು ಗೇಟಿನ ತನಕ ಬಂದ ಮೇಲೆ ಕರೆದು ಕೇಳ್ತಾರೆ.